ಹಾಸಿಗೆ ಹಿಡಿದ ಬಾಲಕ, ಮನೆಯಲ್ಲಿ ಮೂಡಿದ ಕಾರು

ಪಂದ್ಯದ ಕಾರೆಂದರೆ ಸಿರಿವಂತರ ಸೊತ್ತು ಎಂಬುದು ಲೋಕರೂಢಿ. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಅವರ ಬಾಳು ಇದಕ್ಕೆ ಅಪವಾದ.

1937ರಲ್ಲಿ ಆಕ್ಲೆಂಡಿನಲ್ಲಿ ಜನಿಸಿದ ಬ್ರೂಸ್‌ಗೆ ಒಂಬತ್ತನೆಯ ವಯಸ್ಸಿನಲ್ಲಿ ಪರ್ತೆಸ್ ವ್ಯಾಧಿ ತಗಲಿತು. ತೊಡೆಯೆಲುಬಿನ ತಲೆಗೆ ರಕ್ತಪೂರೈಕೆ ಕುಂದಿ, ಎಲುಬು ಮೆದುವಾಗಿ ಕುಸಿಯುವ ರೋಗವಿದು. ಕಾಲಿಗೆ ತೂಕ ಕಟ್ಟಿಸಿಕೊಂಡು ಸುಮಾರು ಎರಡು ವರ್ಷ ಮಲಗಿದಲ್ಲೇ ಕಳೆಯಬೇಕಾಯಿತು. ಎದ್ದಾಗ ಎಡಗಾಲು ಗಿಡ್ಡವಾಗಿತ್ತು; ಕುಂಟು ಕೊನೆಯವರೆಗೂ ಉಳಿಯಿತು.

ತಂದೆಗೆ ಪೆಟ್ರೋಲ್ ಬಂಕೂ ದುರಸ್ತಿ ಕಾರ್ಯಾಗಾರವೂ ಇದ್ದವು. ಅವರು ಕೊಂಡು ತಂದ ಹಳೆಯ ಆಸ್ಟಿನ್ ಸೆವೆನ್ ಅಲ್ಸ್ಟರ್ ಬಿಡಿಭಾಗಗಳ ರಾಶಿಯಾಗಿತ್ತು. ಎಂಜಿನ್ ಕೇವಲ 747 ಸಿ.ಸಿ. ತಂದೆ-ಮಗ ಸೇರಿ ಅದನ್ನು ಜೋಡಿಸಿದರು. 1952ರಲ್ಲಿ ಮುರಿವಾಯಿಯ ಬೆಟ್ಟವೇರುವ ಸ್ಪರ್ಧೆಯಲ್ಲಿ ಬ್ರೂಸ್ ಅದನ್ನು ಓಡಿಸಿದ.

ಅಲ್ಪವೆಚ್ಚದ ಸುಧಾರಣೆಗೂ ಒಂದು ಕ್ರಮವಿದೆ. ಬ್ರೇಕು, ಸ್ಟೀರಿಂಗು, ಟೈರುಗಳು ಮೊದಲು ಭದ್ರವಾಗಬೇಕು. ಬಳಿಕ ಅನಗತ್ಯ ಭಾರವನ್ನು ಕಳೆಯಬೇಕು. ಇದಕ್ಕೆ ಹೆಚ್ಚು ಹಣ ಬೇಡ, ಲಾಭವಾದರೋ ವೇಗಕ್ಕೂ ಉಂಟು, ಬ್ರೇಕಿಗೂ ಉಂಟು. ಸಿಲಿಂಡರ್ ಹೆಡ್ಡನ್ನು ತುಸು ಸವೆಸಿ ಒತ್ತಡ ಹೆಚ್ಚಿಸುವಂಥ ಎಂಜಿನ್ ಕೆಲಸ ಕೊನೆಯದು. ಓಡುವ ಮುನ್ನ ನಿಲ್ಲುವುದು ಖಚಿತವಾಗಿರಬೇಕು.

1959ರಲ್ಲಿ, 22ರ ವಯಸ್ಸಿನಲ್ಲಿ, ಮೆಕ್‌ಲಾರೆನ್ ಅಮೆರಿಕದ ಸೀಬ್ರಿಂಗ್‌ನಲ್ಲಿ ಗ್ರ್ಯಾನ್ ಪ್ರಿ ಗೆದ್ದರು. 1968ರಲ್ಲಿ ತಮ್ಮದೇ ಹೆಸರಿನ ಕಾರಿನಲ್ಲಿ ಬೆಲ್ಜಿಯಂ ಪಂದ್ಯ ಜಯಿಸಿದರು. 1970ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ, ಪರೀಕ್ಷಾ ಓಟದ ವೇಳೆ ಕಾರಿನ ಹಿಂಬದಿಯ ಹೊದಿಕೆ ಕಳಚಿ, ಅಪಘಾತದಲ್ಲಿ ಮಡಿದರು.

ಮಗು ಕುಂಟಿದರೆ, ಸೊಂಟ ಅಥವಾ ಮೊಣಕಾಲು ನೋವೆಂದರೆ, ಎಲ್ಲೋ ಬಿದ್ದಿರಬೇಕೆಂದು ಅಲಕ್ಷಿಸದೆ ವೈದ್ಯರಿಗೆ ತೋರಿಸುವುದು ಹೆತ್ತವರ ಕರ್ತವ್ಯ. ಯಂತ್ರಕ್ಕಾಗಲಿ ದೇಹಕ್ಕಾಗಲಿ, ಸಕಾಲದ ತಪಾಸಣೆಯೇ ಮಿತವ್ಯಯ.