ಎಲ್ಲಾ ಬರೋಬರಿ ಐತ್ರಿ!

ಹಾವೇರಿ ಸೀಮೆಯವರು ಮಾತಿಗೆ ಹಿಂಜರಿಯುವವರೆಂದು ಯಾರೂ ಆಡಿಕೊಳ್ಳಲಾರರು. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ಕಂಡದ್ದನ್ನು ಕೆಂಡದಂತೆ ನುಡಿದನು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವನು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದನು. ಇಂತಹ ಮಣ್ಣಿನಲ್ಲಿ ಮೌನವೆಂಬುದು ಹೇಗೆ ಬೇರುಬಿಡುತ್ತದೆ? ಆಸ್ಪತ್ರೆಯ ಬೆಂಚಿನ ಮೇಲೆ ಐದು ರಾತ್ರಿ ಕಳೆದ ನನಗೆ ಇದರ ಉತ್ತರ ಅರೆಬರೆಯಾಗಿ ದೊರಕಿತು.

ನನ್ನ ತಾಯಿಯವರು ಕಾಯಿಲೆ ಬಿದ್ದಿದ್ದರು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅದೊಂದರದೇ ಕಥೆ ಇದಲ್ಲ. ವಾರ್ಡಿನ ಹೊಣೆ ಹೊತ್ತವರು ಐವತ್ತರ ಸಮೀಪದ ಒಬ್ಬ ಹಿರಿಯ ಶುಶ್ರೂಷಕಿ. ಎಲ್ಲರಿಗೂ ಅವರು ‘ಸಿಸ್ಟರ್’. ಮೂರನೆಯ ರಾತ್ರಿ ಎದುರು ಮಂಚದ ಮುದುಕರಿಗೆ ಗಂಟಲಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಿತು. ಕಫ ಹೀರುವ ಯಂತ್ರವು ಕೆಟ್ಟು ಮೂಲೆ ಸೇರಿತ್ತು. ಸಿಸ್ಟರ್ ಓಡಿಹೋಗಿ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಇನ್ನೊಂದನ್ನು ಹೊತ್ತು ತಂದರು. ಮುದುಕರು ಬದುಕಿದರು. ಮುಂಜಾನೆ ದೊಡ್ಡ ವೈದ್ಯರು ಬಂದು, “ರಾತ್ರಿ ಎಲ್ಲಾ ಸರಿ ಇತ್ತಲ್ಲ?” ಎಂದರು. “ಎಲ್ಲಾ ಬರೋಬರಿ ಐತ್ರಿ ಸಾಹೇಬ್ರ” ಎಂದರು ಸಿಸ್ಟರ್. ವರದಿಯ ಪುಸ್ತಕದಲ್ಲಿಯೂ ಅದೇ ಒಕ್ಕಣೆ. ಬ್ಯಾಡಗಿ ಮೆಣಸಿನಕಾಯಿಯಂತೆ ಆ ಬರಹಕ್ಕೆ ಬಣ್ಣವಿತ್ತು, ಖಾರವಿರಲಿಲ್ಲ.

ಹೀಗೇಕೆಂದು ನಾನು ಕೇಳಿದೆ. “ಎರಡ ಸಲ ಬರದ ಕೊಟ್ಟೇನ್ರಿ ಸರ್. ಮಷೀನ್ ಬರಲಿಲ್ಲ, ‘ನಿಮಗ ವಾರ್ಡ್ ಸಂಭಾಳಸಾಕ ಬರಂಗಿಲ್ಲೇನು’ ಅನ್ನೋ ಮಾತ ಬಂತು” ಎಂದರು.

ಆ ಒಂದು ಮಾತಿನಲ್ಲಿ ಎಷ್ಟು ಅರ್ಥ! ವಾರ್ಡಿನ ಹೊಣೆಗಾರ್ತಿಯು ವಾರ್ಡಿನ ಕೊರತೆಯನ್ನು ಹೇಳಿದರೆ ಅದು ತನ್ನ ಮೇಲೆ ತಾನೇ ಬರೆದುಕೊಂಡ ದೂರಾಗುತ್ತದೆ. ಮೇಲಿನವರಿಗೆ ಆಕೆ ಅಸಮರ್ಥಳಾಗಿ ಕಾಣುತ್ತಾಳೆ. ಕೆಳಗಾದರೋ ಎಳೆಯ ದಾದಿಯರು. ಅವರಲ್ಲಿ ಎಷ್ಟೋ ಜನ ಗುತ್ತಿಗೆಯ ಮೇಲೆ ದುಡಿಯುವವರು. ತಪ್ಪು ನಡೆದುದನ್ನು ಬರೆದೊಡನೆ ‘ಆಗ ಡ್ಯೂಟಿಯಲ್ಲಿ ಯಾರಿದ್ದರು?’ ಎಂಬುದೇ ಮೊದಲ ಪ್ರಶ್ನೆ. ಒಂದು ಸಾಲು ಒಂದು ಹುಡುಗಿಯ ಅನ್ನವನ್ನು ಕಸಿಯಬಹುದು. ಆದುದರಿಂದ ಈ ಮೌನವನ್ನು ಬರಿಯ ಅಂಜುಬುರುಕುತನವೆನ್ನಲಾಗದು. ಅದರಲ್ಲಿ ಒಂದು ಪಾಲು ತಾಯಿಯ ಕರುಳೂ ಇದೆ. ಆದರೆ ಆ ಕರುಣೆಯ ಬೆಲೆಯನ್ನು ತೆರುವವನು ರೋಗಿ. ಅವನನ್ನು ಯಾರೂ ಕೇಳಿರುವುದಿಲ್ಲ.

ನುಡಿದವರ ಪಾಡನ್ನು ಕನ್ನಡನಾಡು ಮರೆತಿಲ್ಲ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯದೇ ಒಬ್ಬ ನೌಕರನು ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದನು. ಕೆಲಸದಲ್ಲಿನ ತಪ್ಪಿಗಾಗಿ ಅವನನ್ನು ಗದರಿದ್ದೇ ಈ ಹಗೆಗೆ ಕಾರಣವೆಂದು ವರದಿಗಳು ಹೇಳಿದವು. ದರೋಡೆ, ಕೊಲೆಯತ್ನಗಳಿಗೆ ಶಿಕ್ಷೆಯಾಯಿತು; ಅತ್ಯಾಚಾರದ ಮಾತು ಮಾತ್ರ ಆರೋಪದಲ್ಲಿ ಸೇರಲೇ ಇಲ್ಲ. 2015ರ ಮೇ 18ರವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಮಿಕ್ಕಿ, ಆ ಆಸ್ಪತ್ರೆಯ ದಾದಿಯರೇ ಅವರನ್ನು ಮಗುವಿನಂತೆ ಸಾಕಿದರು. ವ್ಯಕ್ತಿಗಳ ಮೌನಕ್ಕಿಂತ ವ್ಯವಸ್ಥೆಯ ಮೌನವು ಎಷ್ಟು ದೊಡ್ಡದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಹಾಗಾದರೆ ಬಾಯಿ ತೆರೆಸುವುದು ಹೇಗೆ? ಅಮೇರಿಕೆಯ ವಿದುಷಿ ಏಮಿ ಎಡ್ಮಂಡ್ಸನ್ ಎರಡು ಆಸ್ಪತ್ರೆಗಳ ಎಂಟು ಶುಶ್ರೂಷಾ ವಿಭಾಗಗಳಲ್ಲಿ ಔಷಧಿ ನೀಡಿಕೆಯ ತಪ್ಪುಗಳನ್ನು ಅಭ್ಯಸಿಸಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ಮುಂದಾಳುಗಳಿದ್ದ ವಿಭಾಗಗಳಲ್ಲಿ ತಪ್ಪುಗಳು ಕಡಿಮೆ ಇರಬೇಕಷ್ಟೆ? ಲೆಕ್ಕದಲ್ಲಿ ಅವು ಹೆಚ್ಚಾಗಿ ಕಂಡವು! ಅಲ್ಲಿ ತಪ್ಪನ್ನು ಮುಚ್ಚಿಡುವ ಭಯವಿರಲಿಲ್ಲವೆಂಬುದೇ ಅವರು ಕಂಡ ಮರ್ಮ. ಹಾಗಿದ್ದರೆ, ದೂರುಗಳೇ ಇಲ್ಲದ ಪುಸ್ತಕವನ್ನು ಕಂಡು ಸಂತೋಷಪಡುವ ಅಧಿಕಾರಿಯು ನಿಜವಾಗಿ ದಿಗಿಲುಗೊಳ್ಳಬೇಕು. ‘ಎಲ್ಲಾ ಸರಿ ಇತ್ತಲ್ಲ?’ ಎಂಬ ಪ್ರಶ್ನೆಯ ಹೊಟ್ಟೆಯಲ್ಲಿಯೇ ಉತ್ತರವಿದೆ. ‘ನಿನ್ನೆ ರಾತ್ರಿ ನಿಮಗೆ ಏನು ಕಡಿಮೆ ಬಿತ್ತು?’ ಎಂದು ಕೇಳಿದ್ದರೆ ಸಿಸ್ಟರ್ ಬಹುಶಃ ಆ ಮೂಲೆಯ ಕಡೆಗೆ ಬೆರಳು ತೋರುತ್ತಿದ್ದರು.

ಇಷ್ಟು ಬರೆದವನು ಒಂದನ್ನು ಒಪ್ಪಿಕೊಳ್ಳಬೇಕು. ಆ ಮುಂಜಾನೆ ವೈದ್ಯರು ನನ್ನತ್ತಲೂ ತಿರುಗಿ, “ಏನಾರ ತೊಂದರಿ ಐತೇನ್ರಿ?” ಎಂದು ಕೇಳಿದ್ದರು. ತಾಯಿಯ ಜೀವ ಅವರ ಕೈಯಲ್ಲಿತ್ತು. “ಏನೂ ಇಲ್ರಿ” ಎಂದೆ. ತರಗತಿಯಲ್ಲಿ ಚೌಡಯ್ಯನನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನಾಲಗೆ ಅದು! ಯಂತ್ರದ ವಿಷಯವನ್ನು ನನ್ನ ಸಹಿಯೊಡನೆ ಮೇಲಿನವರಿಗೆ ಬರೆದುದು ಆಮೇಲೆ, ತಾಯಿ ಕ್ಷೇಮವಾಗಿ ಮನೆ ಸೇರಿದ ಮೇಲೆ. ಸಿಸ್ಟರ್‌ಗೆ ಅಂತಹ ‘ಆಮೇಲೆ’ ಇಲ್ಲ. ಸಂಜೆಯಾದೊಡನೆ ಅವರು ಮತ್ತೆ ಅದೇ ವಾರ್ಡಿಗೆ ಹೋಗಬೇಕು.