ವಕೀಲ ಸಾಹೇಬರಿಗೆ ನಿದ್ದೆಯಿಲ್ಲ

ನಾವು ಹೋಟೆಲಿನ ಗಲ್ಲೆಯಲ್ಲಿ ಕುಳಿತಿದ್ದ ಕಾಲದಲ್ಲಿ ನಮ್ಮ ಅಡಿಗೆ ಭಟ್ಟರ ಮಗನು ಈ ನಗರದ ಕಾನೂನು ಕಾಲೇಜೊಂದನ್ನು ಸೇರಿದನು. ಮರುದಿನದಿಂದಲೇ ಅಡಿಗೆಮನೆಯವರು ಅವನನ್ನು ‘ವಕೀಲ ಸಾಹೇಬರು’ ಎಂದು ಕರೆಯತೊಡಗಿದರು. ನಾವೂ ಕರೆದೆವು, ನೆನೆದರೆ ಈಗ ನಾಚಿಕೆಯಾಗುತ್ತದೆ. ಮೊದಲ ಸೆಮಿಸ್ಟರಿನಲ್ಲಿಯೇ ಹುಡುಗನು ಎರಡು ವಿಷಯಗಳಲ್ಲಿ ನಪಾಸಾದನು. ವಕೀಲ ಸಾಹೇಬರೆನಿಸಿಕೊಂಡವನು ಅದನ್ನು ಯಾರ ಮುಂದೆ ಹೇಳಬೇಕು? ಊಟ ತಗ್ಗಿತು. ರಾತ್ರಿಯೆಲ್ಲ ದೀಪ ಹಚ್ಚಿ ಪುಸ್ತಕದ ಮುಂದೆ ಕುಳಿತಿರುವನು. ಪುಟ ಮಾತ್ರ ತಿರುಗದು. ತಂದೆಯು ಇದನ್ನು ವ್ಯಾಸಂಗದ ಶ್ರದ್ಧೆಯೆಂದೇ ಬಗೆದು, ಮಗನ ಹಾಲು ಹಣ್ಣಿಗೆಂದು ನಮ್ಮಲ್ಲಿ ಮುಂಗಡ ಪಡೆದರು. ನಿಜವನ್ನು ಕಂಡವನು ಪಾತ್ರೆ ತೊಳೆಯುವ ಹುಡುಗನೊಬ್ಬನೇ. “ಧಣಿಗಳೇ, ಅಣ್ಣ ಓದುತ್ತಿಲ್ಲ, ಅಳುತ್ತಿದ್ದಾನೆ” ಎಂದು ಅವನೇ ಬಂದು ಹೇಳಿದನು.

ಕಾನೂನಿನ ಓದು ನಮ್ಮ ಮಕ್ಕಳಿಗೆ ಎಂದೂ ಸುಲಭವಾಗಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕಲಬುರಗಿ, ಬೀದರ, ರಾಯಚೂರುಗಳಿಂದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಬಂದ ಕನ್ನಡಿಗರು ಉರ್ದುವಿನಲ್ಲಿ ಓದಬೇಕಾಗಿತ್ತು. ಇಂದಿನವರು ಇಂಗ್ಲಿಷಿನ ತೀರ್ಪುಗಳನ್ನು ಅರಗಿಸಿಕೊಂಡು, ಅಣಕು ನ್ಯಾಯಾಲಯದಲ್ಲಿ ಎದ್ದುನಿಂತು ವಾದಿಸಬೇಕು. ಪಕ್ಕದಲ್ಲಿ ಕುಳಿತವನ ತಂದೆ ಹಿರಿಯ ವಕೀಲರು. ತನ್ನ ತಂದೆ ದೋಸೆಕಲ್ಲಿನ ಮುಂದೆ. ಈ ಹೋಲಿಕೆಯು ಪಠ್ಯಕ್ಕಿಂತಲೂ ಭಾರವಾದುದು.

ವೈದ್ಯರ ಮಾತೆತ್ತಿದೊಡನೆ ಭಟ್ಟರು ಕೆಂಡವಾದರು. ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯಿರುವುದರಿಂದ ಆ ಬಡಾವಣೆಯ ಹೆಸರನ್ನೇ ಈ ಊರಿನಲ್ಲಿ ಬೈಗುಳವಾಗಿ ಬಳಸುವುದುಂಟಷ್ಟೆ. “ನನ್ನ ಮಗನಿಗೆ ಹುಚ್ಚೇ?” ಎಂದರು. ಮೈಗೆ ಜ್ವರ ಬಂದಂತೆ ಮನಸ್ಸಿಗೂ ಬೇನೆ ಬರುವುದುಂಟು, ಅದಕ್ಕೂ ಔಷಧೋಪಚಾರವುಂಟು ಎಂದು ತಿಳಿಹೇಳಲು ನಮಗೆ ಮೂರು ದಿನ ಹಿಡಿಯಿತು.

ಮಕ್ಕಳನ್ನು ಓದಿಸುತ್ತಿರುವ ನಮ್ಮ ವಾಚಕರಿಗೆ ಈಗ ದಾರಿಗಳು ಹೆಚ್ಚಿವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಫೋನು ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಸ್ಥಾನ. ವಿಶಾಖಪಟ್ಟಣದಲ್ಲಿ ಓದುತ್ತಿದ್ದು ತೀರಿಕೊಂಡ ವಿದ್ಯಾರ್ಥಿನಿಯೊಬ್ಬಳ ತಂದೆಯು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ತೀರ್ಪಿತ್ತು, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳು ಒಬ್ಬರಾದರೂ ಅರ್ಹ ಆಪ್ತಸಲಹೆಗಾರರನ್ನು ನೇಮಿಸಬೇಕೆಂದು ವಿಧಿಸಿತು. ಕಾನೂನು ಕಲಿಸುವ ಕಾಲೇಜುಗಳೂ ಇದಕ್ಕೆ ಹೊರತಲ್ಲ. ಫೀ ಕಟ್ಟಲು ಹೋದ ತಂದೆಯು ಆ ಸಲಹೆಗಾರರ ಕೊಠಡಿ ಎಲ್ಲಿದೆಯೆಂದು ವಿಚಾರಿಸಿ ಬಂದರೆ ತಪ್ಪಿಲ್ಲ.

ನಮ್ಮ ಹುಡುಗನು ಕೆಲವು ತಿಂಗಳು ವೈದ್ಯರಲ್ಲಿಗೆ ಹೋಗಿಬಂದನು. ಮರುವರ್ಷ ಒಂದು ವಿಷಯ ಪಾಸಾಯಿತು. ಇನ್ನೊಂದಕ್ಕೆ ಪುನಃ ಫೀ ಕಟ್ಟಿದನು. ಅಡಿಗೆಮನೆಯವರು ಅವನನ್ನು ಹೆಸರು ಹಿಡಿದೇ ಕರೆಯತೊಡಗಿದ್ದರು. ಭಟ್ಟರು ಮಾರ್ಕಿನ ಮಾತೆತ್ತುತ್ತಿರಲಿಲ್ಲ. ಬೆಳಗಿನ ಇಡ್ಲಿ ಇಳಿಸುತ್ತ, “ರಾತ್ರಿ ನಿದ್ದೆ ಬಂತೇನೋ?” ಎನ್ನುತ್ತಿದ್ದರು.