ಮೊದಲೇ ಗ್ರಂಥ ಪಡೆದವರು

ಪ್ರಶ್ನೆ: ಯಹೂದಿಗಳನ್ನೂ ಕ್ರೈಸ್ತರನ್ನೂ ಇಸ್ಲಾಂ ಹೇಗೆ ಕಾಣುತ್ತದೆ?

ಉತ್ತರ: ಮುಹಮ್ಮದರಿಗಿಂತ ಮೊದಲೇ ದೇವರಿಂದ ಗ್ರಂಥ ಪಡೆದ ಸಮುದಾಯಗಳೆಂದು. ಮೂಸಾರಿಗೆ (ಮೋಶೆ) ತೌರಾತ್, ದಾವೂದರಿಗೆ (ದಾವೀದ) ಝಬೂರ್, ಈಸಾರಿಗೆ (ಏಸು) ಇಂಜೀಲ್ ಎಂಬ ಗ್ರಂಥಗಳು ಬಂದವೆಂದು ನಂಬುವುದು ಮುಸ್ಲಿಮರ ವಿಶ್ವಾಸದ ಭಾಗವೇ. ಏಸುವಿನ ತಾಯಿ ಮರಿಯಮರ ಹೆಸರಲ್ಲಿ ಕುರಾನಿನ 19ನೇ ಅಧ್ಯಾಯವಿದೆ. ಸುಮಾರು 615ರಲ್ಲಿ ಮೆಕ್ಕಾದ ಹಿಂಸೆ ತಾಳಲಾರದೆ ಪ್ರವಾದಿಯ ಕೆಲವು ಅನುಯಾಯಿಗಳು ಅಬಿಸೀನಿಯಾದ ಕ್ರೈಸ್ತ ದೊರೆಯ ಆಶ್ರಯ ಬೇಡಿದರು. ಅವರನ್ನು ಒಪ್ಪಿಸಿಬಿಡಿ ಎಂದು ಮೆಕ್ಕಾದವರು ಉಡುಗೊರೆ ಹೊತ್ತು ಬಂದಾಗ, ಆಶ್ರಯ ಬೇಡಿದವರಲ್ಲೊಬ್ಬರಾದ ಜಾಫರ್ ಆಸ್ಥಾನದಲ್ಲಿ ಓದಿದ್ದು ಇದೇ ಅಧ್ಯಾಯದ ಸಾಲುಗಳನ್ನು. ದೊರೆಯ ಕಣ್ಣು ತುಂಬಿತು, ಉಡುಗೊರೆಗಳು ವಾಪಸಾದವು ಎನ್ನುತ್ತವೆ ಪ್ರವಾದಿಯ ಚರಿತ್ರೆಗಳು. ಎರಡು ಧರ್ಮಗಳ ನಂಟನ್ನು ಚೆನ್ನಾಗಿ ತೋರಿಸುವ ಪ್ರಸಂಗವಿದು.

ಈ ಎರಡೂ ಸಮುದಾಯಗಳವರ ಆಹಾರ ಮುಸ್ಲಿಮರಿಗೆ ಸಮ್ಮತ. ಇವರ ಹೆಣ್ಣುಮಕ್ಕಳನ್ನು ಮುಸ್ಲಿಂ ಪುರುಷ ಮದುವೆಯಾಗಬಹುದು. ಹಾಗೆಂದು ಭಿನ್ನಮತ ಸಣ್ಣದಲ್ಲ. ಏಸು ಪ್ರವಾದಿಯೇ ಹೊರತು ದೇವಪುತ್ರನಲ್ಲ, ಹಳೆಯ ಗ್ರಂಥಗಳು ಮೂಲರೂಪದಲ್ಲಿ ಉಳಿದಿಲ್ಲ ಎಂಬುದು ಮುಸ್ಲಿಮರ ಸಾಮಾನ್ಯ ನಿಲುವು. ಹಿಂದಿನ ಇಸ್ಲಾಮೀ ರಾಜ್ಯಗಳಲ್ಲಿ ಯಹೂದಿಗಳಿಗೂ ಕ್ರೈಸ್ತರಿಗೂ ರಕ್ಷಣೆಯೂ ತಮ್ಮ ಆರಾಧನೆಯ ಅವಕಾಶವೂ ಇದ್ದವು. ಅದಕ್ಕಾಗಿ ಜಿಝಿಯಾ ತೆರಿಗೆ ಕೊಡಬೇಕಿತ್ತು. ಇದನ್ನು ಸಮಾನತೆ ಎನ್ನಲಾಗದು. ಧರ್ಮಭೇದವಿಲ್ಲದ ಸಮಾನ ಹಕ್ಕುಗಳನ್ನು ಆಟೊಮನ್ ಸುಲ್ತಾನರು ಘೋಷಿಸಿದ್ದು 1856ರ ಫರ್ಮಾನಿನಲ್ಲಿ.